ಕಚೇರಿ ಗಣಕಯಂತ್ರದ ಪಾಸ್‌ವರ್ಡ್ ಮರೆತಾಗ ಅನುಸರಿಸಬೇಕಾದ ಕ್ರಮ

ಗಣಕಯಂತ್ರ ನಿರ್ವಹಿಸುತ್ತಿದ್ದ ಸಿಬ್ಬಂದಿ ಬದಲಾದಾಗ ಅಥವಾ ದೀರ್ಘ ರಜೆಯ ಮೇಲೆ ತೆರಳಿದಾಗ ಲಾಗಿನ್ ಪಾಸ್‌ವರ್ಡ್ ಕಚೇರಿಯಲ್ಲಿ ಯಾರಿಗೂ ತಿಳಿಯದ ಸಂದರ್ಭ ಒದಗುವುದುಂಟು. ಅಂಗಡಿಗೆ ಒಯ್ದು ಫಾರ್ಮ್ಯಾಟ್ ಮಾಡಿಸುವುದೊಂದೇ ಪರಿಹಾರವೆಂದು ಹಲವರು ಭಾವಿಸುತ್ತಾರೆ. ಫಾರ್ಮ್ಯಾಟ್‌ನಿಂದ ಯಂತ್ರ ತೆರೆದುಕೊಳ್ಳುತ್ತದೆ, ಕಡತಗಳು ಅಳಿಯುತ್ತವೆ.

ಪಂಚತಂತ್ರ, ಇ-ಸ್ವತ್ತು ತಂತ್ರಾಂಶಗಳ ದಾಖಲೆಗಳು ಸರ್ವರ್‌ನಲ್ಲಿರುವುದರಿಂದ ಅವುಗಳಿಗೆ ಧಕ್ಕೆಯಿಲ್ಲ. ಅವುಗಳ ಲಾಗಿನ್ ಬೇರೆಯೇ ಆಗಿದ್ದು, ಮತ್ತೊಂದು ಗಣಕಯಂತ್ರದಿಂದ ಸಾರ್ವಜನಿಕರ ಅರ್ಜಿಗಳನ್ನು ವಿಲೇವಾರಿ ಮಾಡಬಹುದು. ಆದರೆ ನುಡಿಯಲ್ಲಿ ಬೆರಳಚ್ಚು ಮಾಡಿದ ಸಭಾ ನಡವಳಿ, ಎಕ್ಸೆಲ್‌ನಲ್ಲಿ ಸಿದ್ಧಪಡಿಸಿದ ನೀರಿನ ಕರದ ಬಾಕಿ ಪಟ್ಟಿ, ಕಾಮಗಾರಿಗಳ ಛಾಯಾಚಿತ್ರಗಳು ಹಲವು ಬಾರಿ ಆ ಒಂದೇ ಹಾರ್ಡ್ ಡಿಸ್ಕ್‌ನಲ್ಲಿರುತ್ತವೆ. ಆದ್ದರಿಂದ ವಿಂಡೋಸ್ 10 ಮತ್ತು 11 ಇರುವ ಯಂತ್ರಗಳಲ್ಲಿ ಕೆಳಗಿನ ಕ್ರಮವನ್ನು ಅನುಸರಿಸುವುದು ಸೂಕ್ತ.

1. ಕ್ಯಾಪ್ಸ್ ಲಾಕ್ ಆಫ್ ಆಗಿದೆಯೇ, ಕೀಲಿಮಣೆಯ ಭಾಷೆ ಇಂಗ್ಲಿಷ್ ಆಗಿದೆಯೇ ಎಂದು ನೋಡಬೇಕು. ಪರದೆ ಕೇಳುತ್ತಿರುವುದು ಪಿನ್ ಆಗಿದ್ದರೆ, 'ಸೈನ್-ಇನ್ ಆಪ್ಷನ್ಸ್' ಮೂಲಕ ಪಾಸ್‌ವರ್ಡ್ ಆಯ್ಕೆ ಮಾಡಬಹುದು.

2. ಮೈಕ್ರೋಸಾಫ್ಟ್ ಖಾತೆಯಾಗಿದ್ದಲ್ಲಿ, ಮೊಬೈಲ್ ಅಥವಾ ಬೇರೆ ಗಣಕಯಂತ್ರದಿಂದ ಪಾಸ್‌ವರ್ಡ್ ಬದಲಿಸಬಹುದು. ದೃಢೀಕರಣ ಸಂಖ್ಯೆಯು ಖಾತೆಗೆ ನೋಂದಾಯಿಸಿದ ಮೊಬೈಲ್ ಅಥವಾ ಇ-ಮೇಲ್‌ಗೆ ಬರುತ್ತದೆ.

3. ಸ್ಥಳೀಯ ಖಾತೆಯಾಗಿದ್ದಲ್ಲಿ, ಒಮ್ಮೆ ತಪ್ಪು ಪಾಸ್‌ವರ್ಡ್ ನೀಡಿದ ನಂತರ 'ರೀಸೆಟ್ ಪಾಸ್‌ವರ್ಡ್' ಎಂಬುದು ಕಾಣಿಸುತ್ತದೆ. ಮೊದಲೇ ನಮೂದಿಸಿದ ಮೂರು ಭದ್ರತಾ ಪ್ರಶ್ನೆಗಳಿಗೆ ಉತ್ತರಿಸಿದರೆ ಹೊಸ ಪಾಸ್‌ವರ್ಡ್ ನೀಡಬಹುದು.

4. ಅದೇ ಯಂತ್ರದಲ್ಲಿ ಮತ್ತೊಂದು ಅಡ್ಮಿನಿಸ್ಟ್ರೇಟರ್ ಖಾತೆಯಿದ್ದರೆ ಅದರ ಮೂಲಕ ಸ್ಥಳೀಯ ಖಾತೆಯ ಪಾಸ್‌ವರ್ಡ್ ಬದಲಿಸಬಹುದು. ಇದರಿಂದ ಕಡತಗಳು ಸಾಮಾನ್ಯವಾಗಿ ಉಳಿಯುತ್ತವೆ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು ದೊರೆಯದೆ ಹೋಗಬಹುದು.

5. ಮೇಲಿನ ಯಾವುದೂ ಫಲಿಸದಿದ್ದಲ್ಲಿ, ತಂತ್ರಜ್ಞರಿಂದ ಹಾರ್ಡ್ ಡಿಸ್ಕನ್ನು ಮತ್ತೊಂದು ಗಣಕಯಂತ್ರಕ್ಕೆ ಜೋಡಿಸಿ ಕಡತಗಳನ್ನು ನಕಲು ಮಾಡಿಸಬೇಕು. ಈ ಕಾರ್ಯವು ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಸಮ್ಮುಖದಲ್ಲಿ, ಕಚೇರಿಯಲ್ಲಿಯೇ ನಡೆಯುವುದು ಲೇಸು. ನಕಲು ಮಾಡಿದ ಕಡತಗಳನ್ನು ತೆರೆದು ಪರಿಶೀಲಿಸಿದ ನಂತರವೇ ವಿಂಡೋಸ್ ಮರುಸ್ಥಾಪಿಸಬೇಕು.

ಡಿಸ್ಕ್‌ಗೆ ಬಿಟ್‌ಲಾಕರ್ ರಕ್ಷಣೆಯಿದ್ದಲ್ಲಿ ಐದನೆಯ ಕ್ರಮಕ್ಕೆ 48 ಅಂಕಿಗಳ ರಿಕವರಿ ಕೀ ಅನಿವಾರ್ಯ. ಅದಿಲ್ಲದೆ ಕಡತಗಳು ದೊರೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆ ಬಳಸಿದ ಯಂತ್ರಗಳ ಕೀ ಸಾಮಾನ್ಯವಾಗಿ ಆ ಖಾತೆಯಲ್ಲಿಯೇ ದಾಖಲಾಗಿರುತ್ತದೆ. ಪಾಸ್‌ವರ್ಡ್ ಮುರಿಯುವುದಾಗಿ ಹೇಳಿಕೊಳ್ಳುವ ಅಪರಿಚಿತ ತಂತ್ರಾಂಶಗಳನ್ನು ಬಳಸಬಾರದು. ಅವುಗಳ ಮೂಲಕ ವೈರಸ್ ಸೇರುವ ಸಾಧ್ಯತೆಯಿದೆ. ಡಿಜಿಟಲ್ ಸಹಿಯ ಟೋಕನ್‌ಗೆ ಪ್ರತ್ಯೇಕ ಪಿನ್ ಇದ್ದು, ಊಹಿಸಿ ಪದೇ ಪದೇ ಒತ್ತಿದರೆ ಟೋಕನ್ ಲಾಕ್ ಆಗುತ್ತದೆ.

ಕಚೇರಿಯ ಬೀಗದ ಕೈಯಂತೆ ಈ ಪಾಸ್‌ವರ್ಡ್ ಸಹ ಕಚೇರಿಗೆ ಸೇರಿದ್ದು. ಖಾತೆಯನ್ನು ಸಿಬ್ಬಂದಿಯ ಖಾಸಗಿ ಮೊಬೈಲ್ ಸಂಖ್ಯೆಗೆ ಬದಲಾಗಿ ಕಚೇರಿಯ ಇ-ಮೇಲ್ ಮತ್ತು ದೂರವಾಣಿಗೆ ನೋಂದಾಯಿಸಬೇಕು. ಪ್ರತಿ ಯಂತ್ರದಲ್ಲಿ ಎರಡನೆಯ ಅಡ್ಮಿನಿಸ್ಟ್ರೇಟರ್ ಖಾತೆ ಇರಬೇಕು. ಅದರ ಪಾಸ್‌ವರ್ಡ್ ಹಾಗೂ ರಿಕವರಿ ಕೀಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಬೀರುವಿನಲ್ಲಿಡಬೇಕು. ಪ್ರಭಾರ ವಹಿಸಿಕೊಡುವಾಗ ಲಕೋಟೆಯನ್ನು ಪಟ್ಟಿಯಲ್ಲಿ ನಮೂದಿಸಿ, ಹೊಸದಾಗಿ ಬಂದವರು ತಕ್ಷಣ ಪಾಸ್‌ವರ್ಡ್ ಬದಲಿಸಬೇಕು. ವಾರಕ್ಕೊಮ್ಮೆ ಕಡತಗಳನ್ನು ಬಾಹ್ಯ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿಡುವ ಕಚೇರಿಯಲ್ಲಿ, ಪಾಸ್‌ವರ್ಡ್ ಮರೆತರೂ ಹೆಚ್ಚೆಂದರೆ ಒಂದು ವಾರದ ಕೆಲಸ ಮಾತ್ರ ಕೈತಪ್ಪುತ್ತದೆ.