ಅಮೆರಿಕದ ಸಂಗೀತ ಕಾಲೇಜುಗಳ ಪ್ರವೇಶಪರೀಕ್ಷೆ

‘ಸೀನಿಯರ್’ ಎಂಬ ಮಾತನ್ನು ಕೇಳಿದೊಡನೆ ನಮ್ಮಲ್ಲಿ ಸಂಗೀತ ಕಲಿತವರಿಗೆ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳ ಸಾಲು ನೆನಪಾಗುವುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಮಾತಿಗೆ ಬೇರೆ ಅರ್ಥವಿದೆ. ಅಲ್ಲಿ ಹೈಸ್ಕೂಲೆಂದರೆ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷ. ಅದರ ಕೊನೆಯ ವರ್ಷದಲ್ಲಿರುವ, ಹದಿನೇಳು ಹದಿನೆಂಟರ ಪ್ರಾಯದ ವಿದ್ಯಾರ್ಥಿಯನ್ನು ಸೀನಿಯರ್ ಎನ್ನುವರು. ನಮ್ಮ ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗೆ ಇವನನ್ನು ಹೋಲಿಸಬಹುದು. ಇಂಥವರಲ್ಲಿ ಸಂಗೀತವನ್ನೇ ಪದವಿಯ ವಿಷಯವಾಗಿ ಆರಿಸಿಕೊಂಡವರ ಆ ಒಂದು ವರ್ಷ ಹೇಗೆ ಕಳೆಯುವುದು, ಅವರನ್ನು ಒರೆಗೆ ಹಚ್ಚುವ ಪರೀಕ್ಷೆ ನಿಜವಾಗಿ ಅಳೆಯುವುದು ಏನನ್ನು ಎಂಬೆರಡು ಪ್ರಶ್ನೆಗಳನ್ನು ಈ ಲೇಖನದಲ್ಲಿ ವಿಚಾರಿಸಲಾಗಿದೆ.

ಮೊದಲು ಅಲ್ಲಿನ ವ್ಯವಸ್ಥೆಯನ್ನು ತಿಳಿಯಬೇಕು. ಅಮೆರಿಕದ ಅನೇಕ ಸರ್ಕಾರಿ ಹೈಸ್ಕೂಲುಗಳಲ್ಲಿ ಬ್ಯಾಂಡು, ವಾದ್ಯಮೇಳ, ಗಾಯನವೃಂದ ಇವು ಗಣಿತ ಚರಿತ್ರೆಗಳಂತೆಯೇ ವೇಳಾಪಟ್ಟಿಯೊಳಗಿನ ಪಾಠಗಳು. ಹತ್ತು ಹನ್ನೊಂದರ ವಯಸ್ಸಿನಲ್ಲಿಯೇ ಮಕ್ಕಳು ಒಂದು ವಾದ್ಯವನ್ನು ಹಿಡಿಯುವರು. ಕೆಲವೆಡೆ ಶಾಲೆಯೇ ವಾದ್ಯವನ್ನು ಎರವಲಾಗಿ ಕೊಡುವುದುಂಟು. ಹೈಸ್ಕೂಲು ಮುಗಿಸಿದವರಿಗೆ ಮುಂದೆ ಎರಡು ದಾರಿಗಳಿವೆ. ಒಂದು, ನಮ್ಮ ಬಿ.ಎ.ಯನ್ನು ಹೋಲುವ ಪದವಿ. ಇದರಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಸಂಗೀತ, ಉಳಿದುದು ಸಾಹಿತ್ಯ, ವಿಜ್ಞಾನ, ಚರಿತ್ರೆ ಮೊದಲಾದುವು. ಇನ್ನೊಂದು, ಬ್ಯಾಚಲರ್ ಆಫ್ ಮ್ಯೂಸಿಕ್ ಎಂಬ ವೃತ್ತಿಪದವಿ. ಇದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಸಂಗೀತವೇ. ಇದಕ್ಕಾಗಿಯೇ ನಿಂತ ವಿದ್ಯಾಲಯಗಳನ್ನು ಕನ್ಸರ್ವೇಟರಿ ಎನ್ನುವರು. ಬಾಲ್ಟಿಮೋರಿನ ಪೀಬಾಡಿ (1857), ಓಹಾಯೋದ ಓಬರ್ಲಿನ್ (1865), ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿ (1867), ನ್ಯೂಯಾರ್ಕಿನಲ್ಲಿ 1905ರಲ್ಲಿ ಮೊದಲಾಗಿ ಮುಂದೆ ಜೂಲಿಯಾರ್ಡ್ ಎಂದು ಹೆಸರಾದ ಶಾಲೆ, ಫಿಲಡೆಲ್ಫಿಯಾದ ಕರ್ಟಿಸ್ (1924) ಇವು ಅವುಗಳಲ್ಲಿ ಪ್ರಸಿದ್ಧವಾದುವು.

ಈ ಶಾಲೆಗಳಲ್ಲಿ ಅಂಕಪಟ್ಟಿಗಿಂತ ಆಡಿಷನ್ನಿಗೆ ಹೆಚ್ಚಿನ ಬೆಲೆ. ಆಕಾಶವಾಣಿಯವರು ನಡೆಸುವ ಧ್ವನಿಪರೀಕ್ಷೆಯನ್ನು ಬಲ್ಲವರಿಗೆ ಇದರ ಸ್ವರೂಪವನ್ನು ಊಹಿಸುವುದು ಸುಲಭ. ಆದರೆ ಇಲ್ಲಿ ವಿದ್ಯಾರ್ಥಿಯು ಒಂದೇ ಚಳಿಗಾಲದಲ್ಲಿ ಐದಾರು ಊರುಗಳಲ್ಲಿ ಇಂಥ ಪರೀಕ್ಷೆಗೆ ನಿಲ್ಲಬೇಕಾಗುವುದು.

ವರ್ಷದ ನಡೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ. ಬೇಸಗೆಯಲ್ಲಿಯೇ ಯಾವ ಕೃತಿಗಳನ್ನು ನುಡಿಸಬೇಕೆಂಬುದು ಗೊತ್ತಾಗಿರಬೇಕು. ಪಿಯಾನೊ ವಿದ್ಯಾರ್ಥಿಗೆ ಸಾಮಾನ್ಯವಾಗಿ ಬಾಖನ ಒಂದು ಕೃತಿ, ಹೈಡನ್, ಮೊಟ್ಸಾರ್ಟ್ ಅಥವಾ ಬೇಥೋವನ್ ಇವರಲ್ಲೊಬ್ಬರ ಸೊನಾಟಾ, ಶೋಪಾನನಂಥವರ ಕಠಿಣವಾದ ಒಂದು ಅಭ್ಯಾಸಕೃತಿ ಬೇಕಾಗುವುವು. ಗಾಯಕರು ಇಂಗ್ಲಿಷಿನೊಂದಿಗೆ ಇಟಾಲಿಯನ್, ಜರ್ಮನ್ ಮುಂತಾದ ಭಾಷೆಗಳಲ್ಲಿಯೂ ಹಾಡಬೇಕು. ಶರತ್ಕಾಲದಲ್ಲಿ ಧ್ವನಿಮುದ್ರಣ ನಡೆಯುವುದು. ಅನೇಕ ಶಾಲೆಗಳು ಅರ್ಜಿಯೊಡನೆ ಮುದ್ರಣವನ್ನು ತರಿಸಿಕೊಂಡು, ಅದರಲ್ಲಿ ಗೆದ್ದವರನ್ನು ಮಾತ್ರ ನೇರ ಪರೀಕ್ಷೆಗೆ ಕರೆಯುವುವು. ಇದಕ್ಕೆ ಡಿಸೆಂಬರ್ 1 ಅನೇಕ ಕಡೆ ಕೊನೆಯ ದಿನ. ನೇರ ಪರೀಕ್ಷೆಗಳು ಜನವರಿಯಿಂದ ಮಾರ್ಚಿಯವರೆಗೆ. ಫಲಿತಾಂಶ ಏಪ್ರಿಲ್ 1ರ ಸುಮಾರಿಗೆ. ಯಾವ ಕಾಲೇಜನ್ನು ಸೇರುವೆನೆಂಬ ಉತ್ತರವನ್ನು ಮೇ 1ರೊಳಗೆ ಕೊಡುವುದು ಅಲ್ಲಿನ ವಾಡಿಕೆ. ಇವೆಲ್ಲದರ ನಡುವೆ ಹೈಸ್ಕೂಲಿನ ಪಾಠ, ಬರೆಹ, ಪರೀಕ್ಷೆಗಳು ಎಂದಿನಂತೆ ಸಾಗುತ್ತಿರುವುವು. ಬ್ಯಾಂಡಿನಲ್ಲಿರುವವರು ಶಾಲೆಯ ಫುಟ್‌ಬಾಲ್ ಪಂದ್ಯಗಳಲ್ಲಿ ಮೈದಾನದಲ್ಲಿ ನಡೆಯುತ್ತ ನುಡಿಸಬೇಕು. ಅಭ್ಯಾಸಕ್ಕೆ ಉಳಿಯುವುದು ಬೆಳಗಿನ ಜಾವ, ಇಲ್ಲವೆ ರಾತ್ರಿ.

ಪರೀಕ್ಷೆಯ ಕೊಠಡಿಯಲ್ಲಿ ಅಧ್ಯಾಪಕರ ಮಂಡಲಿಯೊಂದು ಕುಳಿತಿರುವುದು. ಪ್ರವೇಶಾರ್ಥಿಗೆ ಅಲ್ಲಿ ದೊರೆಯುವುದು ಬಹಳವೆಂದರೆ ಹತ್ತು ಹದಿನೈದು ನಿಮಿಷ. ತಿಂಗಳುಗಟ್ಟಲೆ ಕಲಿತ ಕೃತಿಯನ್ನು ಮಂಡಲಿಯವರು ನಡುವೆಯೇ ನಿಲ್ಲಿಸಿ, ಇನ್ನೊಂದನ್ನು ನುಡಿಸೆನ್ನಬಹುದು. ಇದರಿಂದ ಅಸಮಾಧಾನವೆಂದು ಭಾವಿಸಬೇಕಾಗಿಲ್ಲ. ಸಮಯ ಕಡಿಮೆಯಿರುವುದರಿಂದ ಬೇಕಾದಷ್ಟನ್ನು ಕೇಳಿ ಮುಂದೆ ಸಾಗುವ ಪದ್ಧತಿ ಇದು. ಹಲವೆಡೆ ಎಂದೂ ಕಾಣದ ಸ್ವರಲಿಪಿಯನ್ನು ನೋಡಿದೊಡನೆ ನುಡಿಸುವ ಪರೀಕ್ಷೆ, ಕೇಳಿದ ಸ್ವರಗಳನ್ನು ಗುರುತಿಸುವ ಪರೀಕ್ಷೆ, ಸಂಗೀತಶಾಸ್ತ್ರದ ಪ್ರಶ್ನೆಪತ್ರಿಕೆ ಇವೂ ಇರುವುವು. ಜಾಸ್ ಸಂಗೀತಕ್ಕೆ ಅರ್ಜಿ ಹಾಕಿದವರು ನಮ್ಮ ಮನೋಧರ್ಮದ ಕಲ್ಪನಾಸ್ವರವನ್ನು ನೆನಪಿಗೆ ತರುವಂತೆ ಆ ಕ್ಷಣದಲ್ಲಿ ಹೊಸದಾಗಿ ಕಟ್ಟಿ ನುಡಿಸಬೇಕು.

ಇಲ್ಲಿ ಮುಖ್ಯವಾದ ಒಂದು ಸಂಗತಿಯನ್ನು ಗಮನಿಸಬೇಕು. ಕಲಾಕಾಲೇಜಿನ ತರಗತಿಯಲ್ಲಿ ನಾಲ್ಕು ಬೆಂಚುಗಳನ್ನು ಹೆಚ್ಚಾಗಿ ಹಾಕಬಹುದು. ಸಂಗೀತಶಾಲೆಯಲ್ಲಿ ಹಾಗೆ ಮಾಡಲು ಬಾರದು. ವಾದ್ಯಪಾಠವು ಗುರುವಿನೆದುರು ಒಬ್ಬೊಬ್ಬ ಶಿಷ್ಯನಿಗೇ ನಡೆಯತಕ್ಕದ್ದು. ಅದರ ಮೇಲೆ ಶಾಲೆಯ ವಾದ್ಯಮೇಳಕ್ಕೆ ಪಿಟೀಲಿನವರು ಮೂವತ್ತು ಮಂದಿ ಬೇಕಾದರೆ, ಓಬೋ ಎಂಬ ಊದುವಾದ್ಯದವರು ಮೂರು ನಾಲ್ಕು ಮಂದಿ ಸಾಕು. ಆ ವರ್ಷ ಓಬೋ ವಿದ್ಯಾರ್ಥಿಗಳಲ್ಲಿ ಒಬ್ಬನೇ ಪದವಿ ಪಡೆದು ಹೊರಟರೆ ತೆರವಾಗುವುದು ಒಂದೇ ಸ್ಥಾನ. ಇಪ್ಪತ್ತು ಮಂದಿ ಚೆನ್ನಾಗಿ ನುಡಿಸಿದರೂ ಹತ್ತೊಂಬತ್ತು ಮಂದಿಗೆ ‘ಇಲ್ಲ’ವೆಂಬ ಪತ್ರ ಹೋಗಬೇಕು. ಎರಡು ವರ್ಷ ಮುಂಚೆ ಹುಟ್ಟಿದ್ದರೆ ಅವರಲ್ಲೊಬ್ಬನಿಗೆ ಸ್ಥಾನ ಸಿಕ್ಕುತ್ತಿತ್ತೋ ಏನೋ. ಆದುದರಿಂದ ಆ ಪತ್ರವನ್ನು ಯೋಗ್ಯತೆಯ ತೀರ್ಪೆಂದೇ ಓದುವುದು ತಪ್ಪಾಗುವುದು. ಖಾಲಿ ಕುರ್ಚಿಗಳ ಲೆಕ್ಕವೂ ಅದರಲ್ಲಿ ಸೇರಿದೆ.

ಎರಡನೆಯ ಸಂಗತಿ ಹಣದ್ದು. ಕೊಠಡಿಯೊಳಗೆ ಎಲ್ಲರಿಗೂ ಅಷ್ಟೇ ನಿಮಿಷ ಎಂಬುದು ನಿಜ. ಆದರೆ ಆ ಕೊಠಡಿಯವರೆಗೆ ಬರುವ ದಾರಿ ಎಲ್ಲರಿಗೂ ಒಂದೇ ಅಲ್ಲ. ಖಾಸಗಿ ಗುರುವಿನ ವಾರದ ಪಾಠ, ಒಳ್ಳೆಯ ವಾದ್ಯ, ಬೇಸಗೆಯ ಶಿಬಿರ, ಧ್ವನಿಮುದ್ರಣಕ್ಕೆ ಪಿಯಾನೊ ಪಕ್ಕವಾದ್ಯದವರ ಸಂಭಾವನೆ, ಒಂದೊಂದು ಶಾಲೆಗೂ ಅನೇಕ ಕಡೆ ನೂರು ಡಾಲರಿನ ಆಸುಪಾಸಿನ ಅರ್ಜಿಯ ಶುಲ್ಕ, ಹಿಮ ಬೀಳುವ ಕಾಲದಲ್ಲಿ ಊರಿಂದೂರಿಗೆ ಪ್ರಯಾಣ ಇವುಗಳ ವೆಚ್ಚವನ್ನೆಲ್ಲ ಕುಟುಂಬವೇ ಹೊರಬೇಕು. ಚೆಲ್ಲೊ ಎಂಬ ದೊಡ್ಡ ತಂತಿವಾದ್ಯವನ್ನು ವಿಮಾನದಲ್ಲಿ ಸುರಕ್ಷಿತವಾಗಿ ಒಯ್ಯಬೇಕಾದರೆ ಅದಕ್ಕೂ ಒಂದು ಟಿಕೆಟು ಕೊಳ್ಳುವುದುಂಟು. ಬಡವರಿಗೆ ಅರ್ಜಿಯ ಶುಲ್ಕದ ವಿನಾಯಿತಿ, ಸರ್ಕಾರದ ನೆರವು, ವಿದ್ಯಾರ್ಥಿವೇತನ ಇವು ಇವೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಬಹಳ ಶಾಲೆಗಳು ನೇರ ಪರೀಕ್ಷೆಗೆ ಬದಲು ಮುದ್ರಣವನ್ನೇ ಒಪ್ಪಿದುವು. ಪ್ರಯಾಣದ ವೆಚ್ಚ ಉಳಿಯಿತು. ಆದರೂ ಹತ್ತು ವರ್ಷದ ಪಾಠದ ಖರ್ಚನ್ನು ಕೊನೆಯ ವರ್ಷದ ವಿನಾಯಿತಿ ಹಿಂದಕ್ಕೆ ಕೊಡಲಾರದು.

ಇವೆರಡನ್ನೂ ಒಬ್ಬಳ ಜೀವನದಲ್ಲಿ ಕಾಣಬಹುದು. ಉತ್ತರ ಕೆರೊಲಿನಾ ಸಂಸ್ಥಾನದ ಟ್ರೈಯನ್ ಎಂಬ ಸಣ್ಣ ಊರಿನಲ್ಲಿ 1933ರಲ್ಲಿ ಹುಟ್ಟಿದ ಯೂನಿಸ್ ವೇಮನ್ ಬಡ ನೀಗ್ರೋ ಕುಟುಂಬದ ಮಗಳು. ಇಂದಿನ ಮಾತಿನಲ್ಲಿ ಕಪ್ಪುವರ್ಣೀಯಳು. ಅವಳ ಪಿಯಾನೊ ವಾದನವನ್ನು ಮೆಚ್ಚಿ ಊರಿನವರು ನಿಧಿ ಕೂಡಿಸಿ ಪಾಠ ಹೇಳಿಸಿದರು. 1950ರಲ್ಲಿ ಹೈಸ್ಕೂಲು ಮುಗಿಸಿ, ಆ ಬೇಸಗೆಯಲ್ಲಿ ಜೂಲಿಯಾರ್ಡಿನಲ್ಲಿ ಸಿದ್ಧತೆ ಮಾಡಿಕೊಂಡು, 1951ರಲ್ಲಿ ಕರ್ಟಿಸ್ ಶಾಲೆಯ ಪರೀಕ್ಷೆಗೆ ನಿಂತಳು. 1928ರಿಂದ ಅಲ್ಲಿ ಬೋಧನಾಶುಲ್ಕವಿಲ್ಲ; ಬಡವಳಿಗೆ ಅದು ದೊಡ್ಡ ಆಸೆಯ ಬಾಗಿಲು. ಪ್ರವೇಶ ದೊರೆಯಲಿಲ್ಲ. ತನ್ನ ಬಣ್ಣವೇ ಕಾರಣವೆಂದು ಅವಳು ಕೊನೆಯವರೆಗೆ ನಂಬಿದ್ದಳು. ಸ್ಥಾನಗಳು ಬಹಳ ಕಡಿಮೆಯಿದ್ದುವೆಂಬುದು ಇನ್ನೊಂದು ಪಕ್ಷದ ವಾದ. ಜಾರ್ಜ್ ವಾಕರ್ ಎಂಬ ಕಪ್ಪುವರ್ಣೀಯ ಸಂಗೀತಗಾರ 1945ರಲ್ಲಿಯೇ ಅಲ್ಲಿಂದ ತೇರ್ಗಡೆಯಾಗಿದ್ದನೆಂಬುದನ್ನೂ ಹೇಳಬೇಕು. ‘ಇಲ್ಲ’ವೆಂಬ ಪತ್ರದಲ್ಲಿ ಕಾರಣವನ್ನು ಬರೆದಿರುವುದಿಲ್ಲವಾದ್ದರಿಂದ ನೊಂದವರು ತಮಗೆ ತಿಳಿದ ಲೋಕದ ಅನುಭವದಿಂದಲೇ ಅದನ್ನು ತುಂಬಿಕೊಳ್ಳುವರು. ಆ ಕಾಲದ ಅಮೆರಿಕದಲ್ಲಿ ಅವಳ ಅನುಭವ ಎಂಥದೆಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳಿಗೆ ವಿವರಿಸಬೇಕಾಗಿಲ್ಲ. ಹೊಟ್ಟೆಪಾಡಿಗಾಗಿ 1954ರಲ್ಲಿ ಅಟ್ಲಾಂಟಿಕ್ ಸಿಟಿಯ ಒಂದು ಪಾನಗೃಹದಲ್ಲಿ ನುಡಿಸತೊಡಗಿದಾಗ, ತಾಯಿಗೆ ತಿಳಿಯದಿರಲೆಂದು ನೀನಾ ಸಿಮೋನ್ ಎಂದು ಹೆಸರು ಬದಲಾಯಿಸಿಕೊಂಡಳು. ಆ ಹೆಸರು ಲೋಕಪ್ರಸಿದ್ಧವಾಯಿತು. 2003ರ ಏಪ್ರಿಲಿನಲ್ಲಿ, ಅವಳು ತೀರಿಕೊಳ್ಳುವುದಕ್ಕೆ ಕೆಲವೇ ದಿನ ಮೊದಲು, ಅದೇ ಕರ್ಟಿಸ್ ಸಂಸ್ಥೆ ಅವಳಿಗೆ ಗೌರವ ಪದವಿಯನ್ನಿತ್ತಿತು.

ಈ ಕಥೆಯಿಂದ ‘ಸೋಲೇ ಗೆಲುವಿನ ಮೆಟ್ಟಿಲು’ ಎಂಬ ನೀತಿಯನ್ನು ತೆಗೆಯುವುದು ಸುಲಭ; ಆದರೆ ಅದು ಪೂರ್ತಿ ಸತ್ಯವಾಗದು. ಪ್ರವೇಶ ಸಿಕ್ಕದ ಎಲ್ಲರೂ ನೀನಾ ಸಿಮೋನ್ ಆಗಲಿಲ್ಲ. ಅವಳಿಗೂ ಆ ನೋವು ಆರಲಿಲ್ಲ. ನಾವು ತಿಳಿಯಬೇಕಾದುದು ಬೇರೆ. ಆಡಿಷನ್ ಕೆಟ್ಟ ಪದ್ಧತಿಯೆಂದು ನಾನು ಹೇಳಲಾರೆ. ಸಂಗೀತವನ್ನು ಕೇಳಿಯೇ ಅಳೆಯಬೇಕಲ್ಲದೆ ಬೇರೆ ಉಪಾಯವಿಲ್ಲ. ಆದರೆ ಅದು ಪ್ರತಿಭೆಯೊಡನೆ ಮನೆಯ ಅನುಕೂಲವನ್ನೂ, ಆ ವರ್ಷದ ತೆರವನ್ನೂ ಕೂಡಿಸಿ ಅಳೆಯುತ್ತದೆ; ಮೂರನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ನ್ಯಾಯ ಬೇಕೆಂದರೆ ಕೊಠಡಿಯ ಹತ್ತು ನಿಮಿಷವನ್ನು ತಿದ್ದಿದರೆ ಸಾಲದು. ಹತ್ತು ವರ್ಷದ ಹುಡುಗಿಯ ಕೈಗೆ ಶಾಲೆಯ ವಾದ್ಯ ಬರಬೇಕು. ಟ್ರೈಯನ್ನಿನ ಜನ ಮಾಡಿದಂತೆ ಯಾರಾದರೂ ಅವಳಿಗೆ ಮುಂಚಿತವಾಗಿ ಪಾಠ ಹೇಳಿಸಬೇಕು. ಹೀಗಾದಾಗ ಪರೀಕ್ಷೆಯ ದಿನ ಮಂಡಲಿಯವರಿಗೆ ಕೇಳಿಸುವುದು ಹೆಚ್ಚುಮಟ್ಟಿಗೆ ಅವಳ ಸಂಗೀತವೇ ಆಗಿರುವುದು.

ಪ್ರವೇಶದ ಪಟ್ಟಿಯಲ್ಲಿ ತಮ್ಮ ಹೆಸರನ್ನು ಹುಡುಕಿ ನಿಂತ ಅನುಭವ ನಮ್ಮಲ್ಲಿ ಅನೇಕರಿಗುಂಟು. ಸ್ನಾತಕೋತ್ತರ ವ್ಯಾಸಂಗಕ್ಕಾಗಿ ಮತ್ತೊಮ್ಮೆ ಹುಡುಕಲಿರುವವರೂ ನಮ್ಮ ನಡುವೆ ಇದ್ದಾರೆ. ಪಟ್ಟಿಯಲ್ಲಿ ಹೆಸರಿದ್ದರೆ ಅದಕ್ಕೆ ಕಾರಣರಾದವರನ್ನು ನೆನೆಯೋಣ. ಇಲ್ಲದಿದ್ದರೆ, ಆ ಪಟ್ಟಿ ಎಷ್ಟು ಸ್ಥಾನಗಳಿಗೆ ಬರೆದುದೆಂಬುದನ್ನು ಮೊದಲು ಓದಿ, ಅನಂತರ ನಮ್ಮ ಯೋಗ್ಯತೆಯನ್ನು ಕುರಿತು ಯೋಚಿಸೋಣ.