ಹುಳು ಕಚ್ಚಿದ ಚಿಗುರಿನಲ್ಲಿ ಜೇನಿನ ಕಂಪು
(ಬೇಸಿಗೆಯ ಊಲಾಂಗ್ ಚಹಾ: ಬೆಳೆಗಾರರಿಗೊಂದು ಪಾಠ)



ಧಾರವಾಡದ ಮಗ್ಗುಲಿನ ನಮ್ಮ ಕೆಲಗೇರಿಯಲ್ಲಿ ಚಹಾ ಎಂದರೆ ಹಾಲು, ಸಕ್ಕರೆ, ತುಸು ಶುಂಠಿ ಹಾಕಿ ಕುದಿಸಿದ ಗಟ್ಟಿ ಪಾನೀಯ. ಹಾಲಿಲ್ಲದೆ, ಸಕ್ಕರೆಯಿಲ್ಲದೆ, ಜೇನಿನ ಒಂದು ಹನಿಯನ್ನೂ ಬೆರೆಸದೆ ಜೇನಿನ ವಾಸನೆ ಬರುವ ಚಹಾ ಉಂಟೆಂದರೆ ಇಲ್ಲಿ ಯಾರೂ ಸುಲಭವಾಗಿ ನಂಬುವುದಿಲ್ಲ. ಆದರೆ ಅಂಥ ಚಹಾ ಉಂಟು. ಕಾಫಿ, ಅಡಿಕೆ ಬೆಳೆಯುವ ನಮ್ಮ ಸದಸ್ಯರು ಅದರಿಂದ ಕಲಿಯಬೇಕಾದ್ದೂ ಉಂಟು.

ಚಹಾದ ಮೂರು ಜಾತಿ

ಹಸಿರು ಚಹಾ, ಊಲಾಂಗ್, ಕಪ್ಪು ಚಹಾ, ಇವೆಲ್ಲವೂ ಒಂದೇ ಗಿಡದ ಎಲೆ. ವ್ಯತ್ಯಾಸ ಸಂಸ್ಕರಣದಲ್ಲಿದೆ. ಕೊಯ್ದ ಬದನೆಕಾಯಿ ಗಾಳಿಗೆ ಕಪ್ಪಾಗುವುದನ್ನು ನಾವು ದಿನವೂ ನೋಡುತ್ತೇವೆ. ಜಜ್ಜಿದ ಚಹಾ ಎಲೆಯೂ ಹಾಗೆಯೇ ಬಣ್ಣ ತಿರುಗುತ್ತದೆ. ಈ ಕ್ರಿಯೆಯನ್ನು ಆರಂಭದಲ್ಲಿಯೇ ಕಾವು ಕೊಟ್ಟು ನಿಲ್ಲಿಸಿದರೆ ಹಸಿರು ಚಹಾ. ಪೂರ್ತಿ ನಡೆಯಗೊಟ್ಟರೆ ಕಪ್ಪು ಚಹಾ. ನಡುವೆ ತಡೆದರೆ ಊಲಾಂಗ್. ನಮ್ಮ ದೇಶದಲ್ಲಿ ತಯಾರಾಗುವ ಚಹಾದಲ್ಲಿ ಬಹುಪಾಲು ಸಿ.ಟಿ.ಸಿ. ಬಗೆಯ ಕಪ್ಪು ಚಹಾ.

ಹಾಳಾದ ಬೆಳೆಯ ಕಥೆ

ಜೇನುಗಂಪಿನ ಊಲಾಂಗಿನ ತವರು ತೈವಾನ್ ದ್ವೀಪದ ಷಿಂಚು, ಮಿಯಾವ್‌ಲಿ ಪ್ರದೇಶಗಳ ಗುಡ್ಡಸೀಮೆ. ಅಲ್ಲಿ ಹೇಳುವ ಕಥೆ ಹೀಗಿದೆ: ಒಬ್ಬ ರೈತನ ತೋಟಕ್ಕೆ ಬೇಸಿಗೆಯಲ್ಲಿ ಹುಳು ಬಿತ್ತು. ಚಿಗುರು ಮುದುಡಿ ಹಳದಿಯಾಯಿತು. ಎಸೆಯಲು ಮನಸ್ಸು ಬಾರದೆ ಆತ ಅದನ್ನೇ ಕೊಯ್ದು ಚಹಾ ಮಾಡಿ ಪೇಟೆಗೆ ಒಯ್ದ. ಒಳ್ಳೆಯ ಬೆಲೆ ಸಿಕ್ಕಿತು. ಊರಿಗೆ ಬಂದು ಹೇಳಿದರೆ ನೆರೆಹೊರೆಯವರು ನಂಬಲಿಲ್ಲ. 'ಬಡಾಯಿ ಚಹಾ' ಎಂದು ನಕ್ಕರು. ಆ ಅಡ್ಡಹೆಸರು ಇಂದಿಗೂ ಉಳಿದಿದೆ. ಪೇಟೆಯಲ್ಲಿ ಇದರ ಹೆಸರು 'ಪೂರ್ವದೇಶದ ಸುಂದರಿ'.

ಕಥೆ ಹೇಗೇ ಇರಲಿ, ಕಾರಣ ಮಾತ್ರ ನಿಜ. ಆ ಹುಳು ಸುಮಾರು ಮೂರು ಮಿಲಿಮೀಟರ್ ಉದ್ದದ ಹಸಿರು ಜಿಗಿಹುಳು. ಅದು ಎಳೆಯ ಚಿಗುರಿನ ರಸ ಹೀರಿದಾಗ ಗಿಡ ತನ್ನ ರಕ್ಷಣೆಗೆ ಕೆಲವು ಸುವಾಸನಾ ದ್ರವ್ಯಗಳನ್ನು ಉತ್ಪತ್ತಿ ಮಾಡುತ್ತದೆ. ಈ ವಾಸನೆಗೆ ಜಿಗಿಹುಳುವಿನ ಶತ್ರುಕೀಟಗಳು ಬರುತ್ತವೆ. ಅದೇ ದ್ರವ್ಯಗಳು ಸಂಸ್ಕರಣದಲ್ಲಿ ಪಕ್ವಗೊಂಡು ಜೇನಿನ, ಮಾಗಿದ ಹಣ್ಣಿನ ಕಂಪಾಗುತ್ತವೆ. ಡಾರ್ಜಿಲಿಂಗಿನಲ್ಲಿ ಮೇ-ಜೂನ್ ತಿಂಗಳ ಎರಡನೆಯ ಕೊಯ್ಲಿನ ಚಹಾಕ್ಕೆ ಬರುವ ಹೆಸರಾಂತ ದ್ರಾಕ್ಷಿಗಂಪಿನಲ್ಲಿಯೂ ಇಂಥ ಹುಳುಗಳ ಪಾಲುಂಟು.

ಬೇಸಿಗೆಯ ಚಹಾ ಸಾಮಾನ್ಯವಾಗಿ ಒಗರು ಹೆಚ್ಚು, ಬೆಲೆ ಕಡಿಮೆ. ಆ ಕಾಲದ ಎಲೆಗೇ ಇಲ್ಲಿ ಹೆಚ್ಚಿನ ಬೆಲೆ ಬಂದಿರುವುದನ್ನು ಗಮನಿಸಬೇಕು.

ತಯಾರಿಸುವ ಕ್ರಮ

1. ಕೊಯ್ಲು: ಜೂನ್ ತಿಂಗಳ ಸುಮಾರಿಗೆ, ಹುಳು ಕಚ್ಚಿದ ಮೊಗ್ಗು ಮತ್ತು ಅದರ ಕೆಳಗಿನ ಒಂದೆರಡು ಎಲೆಯನ್ನು ಮಾತ್ರ ಕೈಯಿಂದ ಬಿಡಿಸುತ್ತಾರೆ. ಕೀಟನಾಶಕ ಸಿಂಪಡಿಸುವುದಿಲ್ಲ, ಸಿಂಪಡಿಸಿದರೆ ಹುಳುವೂ ಇಲ್ಲ, ಕಂಪೂ ಇಲ್ಲ.

2. ಬಾಡಿಸುವುದು: ಎಲೆಯನ್ನು ತೆಳುವಾಗಿ ಹರಡಿ ಎಳೆಬಿಸಿಲಿನಲ್ಲಿ ಬಾಡಿಸಿ, ಅನಂತರ ನೆರಳಿಗೆ ತರುತ್ತಾರೆ.

3. ಕೈಯಾಡಿಸುವುದು: ಬಿದಿರಿನ ತಟ್ಟೆಯಲ್ಲಿ ಎಲೆಯನ್ನು ಬಿಟ್ಟುಬಿಟ್ಟು ಹಲವು ಬಾರಿ ಮೆಲ್ಲನೆ ಹೊರಳಿಸುತ್ತಾರೆ. ಅಂಚು ತರಚಿ ಕೆಂಪಾಗುತ್ತದೆ. ಹಸಿಹುಲ್ಲಿನ ವಾಸನೆ ಹೋಗಿ ಹಣ್ಣಿನ ವಾಸನೆ ಬರುವವರೆಗೆ ಕಾಯಬೇಕು. ಇಲ್ಲಿ ಗಡಿಯಾರಕ್ಕಿಂತ ಮೂಗೇ ಮುಖ್ಯ. ಬೇರೆ ಊಲಾಂಗುಗಳಿಗಿಂತ ಇದನ್ನು ಹೆಚ್ಚು ಕೆಂಪಗಾಗಲು ಬಿಡುತ್ತಾರೆ.

4. ಹುರಿಯುವುದು: ಬಿಸಿ ಬಾಣಲೆಯಲ್ಲಿ ಹುರಿದು ಕ್ರಿಯೆಯನ್ನು ನಿಲ್ಲಿಸುತ್ತಾರೆ.

5. ಒದ್ದೆಬಟ್ಟೆಯಲ್ಲಿಡುವುದು: ಹುರಿದ ಎಲೆ ಗರಿಗರಿಯಾಗಿ ಮುರಿಯದಂತೆ ಒದ್ದೆಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಇಡುತ್ತಾರೆ. ಇದು ಈ ಚಹಾದ ವಿಶೇಷ ಹಂತ.

6. ಹೊಸೆದು ಒಣಗಿಸುವುದು: ಮೆದುವಾದ ಎಲೆಯನ್ನು ಹಗುರವಾಗಿ ಹೊಸೆದು, ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ.

ಒಳ್ಳೆಯ ಮಾಲಿನಲ್ಲಿ ಬಿಳಿ, ಹಸಿರು, ಹಳದಿ, ಕೆಂಪು, ಕಂದು, ಹೀಗೆ ಐದು ಬಣ್ಣ ಕಾಣುತ್ತವೆ. ಕುದಿದ ನೀರನ್ನು ತುಸು ಆರಿಸಿ, 85ರಿಂದ 90 ಡಿಗ್ರಿ ಬಿಸಿಯಲ್ಲಿ ಎಲೆಯ ಮೇಲೆ ಹೊಯ್ದರೆ ಹೊಂಬಣ್ಣದ ರಸ ಇಳಿಯುತ್ತದೆ. ಕುದಿಸಬಾರದು, ಹಾಲು ಬೆರೆಸಬಾರದು.

ನಮಗೇನು ಪಾಠ?

ಮೊದಲನೆಯದಾಗಿ, ಇದನ್ನೋದಿ ಯಾರೂ ಕಾಫಿ ಗಿಡ ಕಿತ್ತು ಚಹಾ ನೆಡಲು ಹೊರಡಬಾರದು. ನಮ್ಮ ರಾಜ್ಯದಲ್ಲಿ ಸಕಲೇಶಪುರದ ಕಡೆ ಕಾಡುಮನೆ, ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು ಮೊದಲಾದ ಕಡೆ ಚಹಾ ತೋಟಗಳಿವೆ, ನಿಜ. ಆದರೆ ಕೊಯ್ದ ಚಹಾ ಎಲೆ ಮಾರನೆಯ ದಿನಕ್ಕೆ ಕಾಯುವುದಿಲ್ಲ. ಹತ್ತಿರದಲ್ಲಿ ಕಾರ್ಖಾನೆಯಿಲ್ಲದ ಸಣ್ಣ ಬೆಳೆಗಾರನಿಗೆ ಅದು ಹೊರೆ. ಮೇಲಾಗಿ ಜೂನ್ ತಿಂಗಳಲ್ಲಿ ಮಲೆನಾಡಿನ ಮಳೆ ಎಲೆ ಬಾಡಿಸಲು ಬಿಸಿಲನ್ನೇ ಕೊಡುವುದಿಲ್ಲ. ಹುಳು ಬಿದ್ದ ತೋಟದ ಇಳುವರಿಯೂ ಕುಗ್ಗುತ್ತದೆ. ಹಾವಳಿ ಮಿತಿಮೀರಿದರೆ ಚಿಗುರೇ ಸುಟ್ಟಂತಾಗುತ್ತದೆ. ದುಬಾರಿ ಬೆಲೆಯಲ್ಲಿ ಈ ನಷ್ಟದ ಪಾಲೂ ಸೇರಿದೆ.

ಎರಡನೆಯದಾಗಿ, ಎಲ್ಲ ಹುಳುವೂ ಜೇನು ತರುವುದಿಲ್ಲ. ಕಾಫಿಯ ಕಾಂಡಕೊರಕ ಗಿಡವನ್ನೇ ಕೊಲ್ಲುತ್ತದೆ. ಕಾಯಿಕೊರಕ ಬೀಜವನ್ನೇ ತಿನ್ನುತ್ತದೆ. ಅಡಿಕೆಯ ಕೊಳೆರೋಗ ಗೊನೆಯನ್ನೇ ಉದುರಿಸುತ್ತದೆ. ಇವುಗಳ ವಿಷಯದಲ್ಲಿ ಉದಾಸೀನ ಸಲ್ಲದು. ಆದರೆ ಯಾವ ಹುಳು, ಎಷ್ಟಿದೆ, ಏನು ಮಾಡುತ್ತದೆ ಎಂದು ನೋಡುವ ಮೊದಲೇ ಪಂಪು ಹೆಗಲಿಗೇರಿಸುವುದೂ ಸರಿಯಲ್ಲ.

ಮೂರನೆಯದು ಮುಖ್ಯವಾದದ್ದು. ಕುಂದನ್ನು ಗುಣವಾಗಿಸಿದ ಉದಾಹರಣೆ ನಮ್ಮ ಮನೆಯಲ್ಲಿಯೇ ಇದೆ. ಹಿಂದೆ ಹಾಯಿಹಡಗಿನಲ್ಲಿ ಯೂರೋಪಿಗೆ ತಿಂಗಳುಗಟ್ಟಲೆ ಸಾಗುತ್ತಿದ್ದ ನಮ್ಮ ಕಾಫಿ ಕಡಲ ತೇವಕ್ಕೆ ಉಬ್ಬಿ ಬಣ್ಣಗೆಡುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಹಿಡಿಸಿತು. ಹಡಗುಗಳು ಬೇಗ ತಲುಪುವಂತಾದ ಮೇಲೆ ಆ ರುಚಿ ತಪ್ಪಿಹೋಯಿತು. ಆಗ ಮಂಗಳೂರಿನಂಥ ಕರಾವಳಿಯ ಊರುಗಳಲ್ಲಿ ಕಾಫಿಯನ್ನು ಮಳೆಗಾಲದ ಗಾಳಿಗೆ ಹರಡಿ ಅದೇ ಗುಣವನ್ನು ಬೇಕೆಂದೇ ತರಲಾಯಿತು. 'ಮಾನ್ಸೂನ್ಡ್ ಮಲಬಾರ್' ಎಂದರೆ ಅದೇ.

ತೈವಾನಿನ ರೈತನೂ ಹುಳುವಿನಿಂದ ಹಣ ಮಾಡಲಿಲ್ಲ. ಎಲೆ ಆರಿಸಿ, ಹೊತ್ತು ನೋಡಿ, ಮೂಗು ನಂಬಿ ಮಾಡಿದ ಕೆಲಸಕ್ಕೆ ಹಣ ಬಂತು. ಹಣ್ಣಾದ ಕಾಫಿಯನ್ನಷ್ಟೇ ಬಿಡಿಸುವುದು, ಅದೇ ದಿನ ಪಲ್ಪ್ ಮಾಡುವುದು, ಅಡಿಕೆಯನ್ನು ಹದ ತಪ್ಪದೆ ಕೊಯ್ದು ಬೇಯಿಸುವುದು, ಇವೂ ಅಂಥವೇ ಕೆಲಸ. ಮಾರುಕಟ್ಟೆಯ ದರ ನಮ್ಮ ಕೈಯಲ್ಲಿಲ್ಲ. ಮಾಲಿನ ಹದ ನಮ್ಮ ಕೈಯಲ್ಲಿದೆ. ಬರುವ ಕೊಯ್ಲಿನಲ್ಲಿ ಸದಸ್ಯರು ಇದನ್ನು ನೆನಪಿನಲ್ಲಿಡಬೇಕೆಂದು ನಮ್ಮ ವಿನಂತಿ.