ಜಾಲತಾಣಕ್ಕೊಂದು ಬಾಡಿಗೆಯ ನೆಲೆ

ನವಲಗುಂದದ ಜಮಖಾನೆಯ ಹೆಸರನ್ನು ಕೇಳದವರು ಧಾರವಾಡ ಜಿಲ್ಲೆಯಲ್ಲಿ ವಿರಳ. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹೆಂಗಸರು ಹತ್ತಿಯ ನೂಲಿನಿಂದ ನೇಯುವ ಈ ಹಾಸು ತನ್ನ ಜ್ಯಾಮಿತೀಯ ಆಕೃತಿಗಳಿಗೂ ನವಿಲಿನ ಚಿತ್ರಗಳಿಗೂ ಪ್ರಸಿದ್ಧವಾಗಿದೆ. ಭೌಗೋಳಿಕ ಸೂಚಕದ ಮನ್ನಣೆಯೂ ಅದಕ್ಕೆ ದೊರೆತಿದೆ. ಕಲಘಟಗಿಯ ಬಣ್ಣದ ತೊಟ್ಟಿಲಿಗೂ ಇಂಥದೇ ಕೀರ್ತಿಯುಂಟು. ಆದರೆ ದೂರದ ಊರಿನಲ್ಲಿರುವ ಒಬ್ಬ ಗ್ರಾಹಕನು ಈ ಹಾಸನ್ನು ನೇಯುವವರು ಯಾರು, ಅದರ ಬೆಲೆಯೆಷ್ಟು, ಅದನ್ನು ಪಡೆಯುವ ಬಗೆ ಹೇಗೆ ಎಂಬುದನ್ನು ನೇಕಾರರಿಂದಲೇ ತಿಳಿಯಬೇಕಾದರೆ ಏನು ಮಾಡಬೇಕು? ಊರಿನ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಅದಕ್ಕಾಗಿ ಒಂದು ಜಾಲತಾಣವನ್ನು ರಚಿಸಲು ಹೊರಟಿದ್ದಾರೆಂದು ಭಾವಿಸೋಣ. ಹತ್ತಾರು ಪುಟಗಳು ಬರೆದು ಸಿದ್ಧವಾಗಿವೆ. ಚಿತ್ರಗಳನ್ನು ತೆಗೆದದ್ದೂ ಆಗಿದೆ. ಈಗ ಇವೆಲ್ಲವೂ ಅವರ ಗಣಕದಲ್ಲಿಯೇ ಇವೆ. ಇವನ್ನು ಜಗತ್ತಿಗೆ ಕಾಣುವಂತೆ ಎಲ್ಲಿ ಇಡಬೇಕು?

ತಮ್ಮ ಗಣಕವನ್ನೇ ಅಂತರ್ಜಾಲಕ್ಕೆ ಜೋಡಿಸಿ ಬಿಟ್ಟರಾಗದೇ ಎಂದು ಯಾರಾದರೂ ಕೇಳಬಹುದು. ತಾತ್ತ್ವಿಕವಾಗಿ ಆಗುತ್ತದೆ. ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಜಗತ್ತಿನ ಮೊದಲ ಜಾಲತಾಣವನ್ನು ನಡೆಸಿದುದು ತನ್ನ ಮೇಜಿನ ಗಣಕದಿಂದಲೇ. ಅದನ್ನು ಯಾರೂ ಆರಿಸಕೂಡದೆಂದು ಅದರ ಮೇಲೆ ಒಂದು ಚೀಟಿಯನ್ನು ಅಂಟಿಸಿದ್ದನು. ಆ ಚೀಟಿಯಲ್ಲಿಯೇ ನಮ್ಮ ತೊಂದರೆಯೂ ಅಡಗಿದೆ. ಗಣಕವು ಹಗಲಿರುಳು ಎಚ್ಚರವಾಗಿರಬೇಕು, ವಿದ್ಯುತ್ತು ಹೋಗಕೂಡದು, ಅಂತರ್ಜಾಲದಲ್ಲಿ ಅದರ ವಿಳಾಸವು ಬದಲಾಗಕೂಡದು. ಮನೆಗಳಿಗೆ ಬರುವ ಸಂಪರ್ಕದಲ್ಲಿ ಈ ವಿಳಾಸವು ಆಗಾಗ ಬದಲಾಗುವುದೇ ವಾಡಿಕೆ. ಆದುದರಿಂದ ಈ ಕೆಲಸಕ್ಕೆಂದೇ ಕಟ್ಟಿದ ದತ್ತಾಂಶ ಕೇಂದ್ರಗಳಲ್ಲಿ ಸ್ಥಳವನ್ನು ಬಾಡಿಗೆಗೆ ಹಿಡಿಯುವುದು ರೂಢಿಗೆ ಬಂದಿತು. ಈ ವ್ಯವಸ್ಥೆಗೆ ಹೋಸ್ಟಿಂಗ್ ಎಂದು ಹೆಸರು.

ಹುಬ್ಬಳ್ಳಿ-ಧಾರವಾಡಗಳ ಚಾಳುಗಳನ್ನು ನೋಡಿದವರಿಗೆ ಹಂಚಿಕೆಯ ಹೋಸ್ಟಿಂಗ್ ಎಂದರೇನೆಂದು ವಿವರಿಸಿ ಹೇಳಬೇಕಾಗಿಲ್ಲ. ಒಂದೇ ಛಾವಣಿ, ಸಾಲಾಗಿ ಕೋಣೆಗಳು, ಅಂಗಳದಲ್ಲಿ ಎಲ್ಲರಿಗೂ ಒಂದೇ ನಳ. ಪ್ರತಿಯೊಬ್ಬನ ಬಾಗಿಲಿಗೂ ಬೇರೆ ಬೀಗ. ಆದರೆ ನೀರು ಮಾತ್ರ ಎಲ್ಲರದು. ಹಾಗೆಯೇ ಒಂದು ಬಲವಾದ ಗಣಕದಲ್ಲಿ ನೂರಾರು ಜಾಲತಾಣಗಳು ಒಟ್ಟಿಗೆ ವಾಸಿಸುತ್ತವೆ. ಅದರ ಸಂಸ್ಕಾರಕ, ನೆನಪು, ಅಂತರ್ಜಾಲದ ಸಂಪರ್ಕ ಎಲ್ಲವೂ ಸಾಮಾನ್ಯ. ಪ್ರತಿಯೊಬ್ಬನ ಕಡತಗಳು ಮಾತ್ರ ಪ್ರತ್ಯೇಕ. ಇಡೀ ಗಣಕವನ್ನು ಒಬ್ಬನೇ ಹಿಡಿದರೆ ಖರ್ಚು ಹೆಚ್ಚು. ಹಂಚಿಕೊಂಡರೆ ಅದರ ಒಂದು ಚಿಕ್ಕ ಅಂಶ ಸಾಕು. ನಮ್ಮ ವಿದ್ಯಾರ್ಥಿಗಳಂಥ ಹೊಸಬರಿಗೆ ಇದೇ ತಕ್ಕ ನೆಲೆ.

ಇಲ್ಲಿ ಒಂದು ಸಂದೇಹ ಹುಟ್ಟಬೇಕು. ಅಂತರ್ಜಾಲದಲ್ಲಿ ಪ್ರತಿ ಗಣಕಕ್ಕೂ ಒಂದು ಸಂಖ್ಯೆಯೇ ವಿಳಾಸ. ನೂರು ತಾಣಗಳು ಒಂದೇ ಗಣಕದಲ್ಲಿದ್ದರೆ ನೂರಕ್ಕೂ ಒಂದೇ ಸಂಖ್ಯೆಯಾಯಿತು. ಹಾಗಾದರೆ ಜಮಖಾನೆಯ ಪುಟವನ್ನು ಕೇಳಿದವನಿಗೆ ಪಕ್ಕದ ಕೋಣೆಯ ಕಿರಾಣಿ ಅಂಗಡಿಯ ಪುಟ ಹೋಗುವುದಿಲ್ಲವೇಕೆ?

ಇದಕ್ಕೆ ಉತ್ತರವನ್ನು ಎರಡು ಹೆಜ್ಜೆಗಳಲ್ಲಿ ನೋಡಬೇಕು. ಮೊದಲನೆಯದು ಹೆಸರನ್ನು ಸಂಖ್ಯೆಯಾಗಿ ಬದಲಿಸುವುದು. ನಮ್ಮ ತಾಣದ ಹೆಸರು 'ಜಮಖಾನೆ.ಭಾರತ' ಎಂದಿರಲಿ. ಓದುಗನು ಆ ಹೆಸರನ್ನು ಬರೆದೊಡನೆ ಅವನ ಪರವಾಗಿ ಒಂದು ಗಣಕವು ವಿಚಾರಣೆಗೆ ಹೊರಡುತ್ತದೆ. ಅದು ಮೊದಲು ಮೂಲ ಸರ್ವರೊಂದನ್ನು ಕೇಳುತ್ತದೆ. ಇಂಥ ಮೂಲ ಸರ್ವರುಗಳಿಗೆ ಜಗತ್ತಿನಲ್ಲಿ ೧೩ ಹೆಸರುಗಳಿವೆ. "ನನಗೆ ತಿಳಿಯದು, ಆದರೆ '.ಭಾರತ'ದ ಲೆಕ್ಕವನ್ನಿಡುವವರು ಇಂಥವರು" ಎಂದು ಅದು ಕೈತೋರುತ್ತದೆ. ಅಲ್ಲಿಗೆ ಹೋದರೆ, ಜಮಖಾನೆಯ ಲೆಕ್ಕವು ಇಂಥ ಹೋಸ್ಟಿಂಗ್ ಸಂಸ್ಥೆಯ ಹೆಸರು-ಸರ್ವರಿನಲ್ಲಿದೆಯೆಂಬ ಉತ್ತರ. ಕೊನೆಗೆ ಆ ಸರ್ವರು ಸಂಖ್ಯೆಯನ್ನು ಕೊಡುತ್ತದೆ. ಅಪರಿಚಿತ ಊರಿನಲ್ಲಿ ಮನೆಯನ್ನು ಹುಡುಕುವವನು ಮೊದಲು ಓಣಿಯನ್ನು, ಆಮೇಲೆ ಮನೆಯನ್ನು ಕೇಳುವಂತೆಯೇ ಇದು. ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ಅಮೆರಿಕನ್ನನು ಈ ಏರ್ಪಾಡನ್ನು ರೂಪಿಸಿದನು. ಒಮ್ಮೆ ದೊರೆತ ಉತ್ತರವನ್ನು ವಿಚಾರಿಸುವ ಗಣಕವು ಕೆಲವು ಕಾಲ ನೆನಪಿನಲ್ಲಿಟ್ಟುಕೊಳ್ಳುವುದರಿಂದ, ತಾಣವನ್ನು ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ಸಾಗಿಸಿದಾಗ ಕೆಲವರಿಗೆ ಕೆಲವು ಗಂಟೆಗಳವರೆಗೆ ಹಳೆಯದೇ ಕಾಣುವುದುಂಟು. ಹೊಸಬರು ಇದನ್ನು ಕಂಡು ಗಾಬರಿಯಾಗುತ್ತಾರೆ, ಕಾಯ್ದರೆ ಸಾಕು.

ಎರಡನೆಯ ಹೆಜ್ಜೆಯೇ ನಮ್ಮ ಸಂದೇಹಕ್ಕೆ ನಿಜವಾದ ಉತ್ತರ. ಓದುಗನ ಗಣಕವು ಸರ್ವರಿಗೆ ಪುಟವನ್ನು ಬೇಡುವಾಗ ಒಂದು ಚಿಕ್ಕ ಪತ್ರವನ್ನು ಕಳುಹುತ್ತದೆಯೆನ್ನಬಹುದು. ಹಳೆಯ ಪದ್ಧತಿಯಲ್ಲಿ ಆ ಪತ್ರದೊಳಗೆ "ಮೊದಲ ಪುಟವನ್ನು ಕೊಡು" ಎಂದಷ್ಟೇ ಇರುತ್ತಿತ್ತು. ಯಾರ ಮೊದಲ ಪುಟವೆಂಬುದು ಇರುತ್ತಿರಲಿಲ್ಲ. ಒಂದು ಸಂಖ್ಯೆಗೆ ಒಂದೇ ತಾಣವೆಂದು ಭಾವಿಸಿದ ಕಾಲವದು. ಆದರೆ ಆ ಸಂಖ್ಯೆಗಳು ೩೨ ದ್ವಿಮಾನ ಅಂಕಿಗಳವು. ಎರಡರ ೩೨ನೆಯ ಘಾತವೆಂದರೆ ಸುಮಾರು ೪೨೯ ಕೋಟಿ. ಪ್ರತಿ ತಾಣಕ್ಕೂ ಒಂದೊಂದನ್ನು ಕೊಡುತ್ತ ಹೋದರೆ ಬೇಗ ಮುಗಿಯುವ ಭಯವಿತ್ತು. ೧೯೯೭ರ ಜನವರಿಯಲ್ಲಿ ಪ್ರಕಟವಾದ ಎಚ್‌.ಟಿ.ಟಿ.ಪಿ. ೧.೧ ಎಂಬ ನಿಯಮಾವಳಿಯು ಪ್ರತಿ ಪತ್ರದಲ್ಲಿಯೂ 'ಹೋಸ್ಟ್' ಎಂಬ ಒಂದು ಸಾಲು ಇರಲೇಬೇಕೆಂದು ವಿಧಿಸಿತು. ಆ ಸಾಲಿನಲ್ಲಿ ತಾಣದ ಹೆಸರಿರುತ್ತದೆ. ಚಾಳಿಗೆ ಬಂದ ಟಪಾಲಿನ ಮೇಲೆ ಮನೆಯ ಸಂಖ್ಯೆ ಒಂದೇ ಇದ್ದರೂ ಬಾಡಿಗೆದಾರನ ಹೆಸರು ಬೇರೆಯಾಗಿರುವುದರಿಂದ ತಪ್ಪದೆ ತಲುಪುವುದಲ್ಲವೇ? ಇಲ್ಲಿಯೂ ಸರ್ವರು ಆ ಸಾಲನ್ನು ಓದಿ ಸರಿಯಾದ ಕೋಣೆಯ ಕಡತವನ್ನು ತೆಗೆದುಕೊಡುತ್ತದೆ. ಅಗ್ಗದ ಹೋಸ್ಟಿಂಗ್ ಎಂಬ ದೊಡ್ಡ ವ್ಯಾಪಾರವೆಲ್ಲ ಈ ಒಂದು ಸಾಲಿನ ಮೇಲೆ ನಿಂತಿದೆಯೆಂದರೆ ಆಶ್ಚರ್ಯವಾದೀತು. ಗೂಢಲಿಪಿಯ ಸಂಪರ್ಕದಲ್ಲಿ ಇದೇ ತೊಡಕು ಮತ್ತೆ ತಲೆಯೆತ್ತಿತು. ಪತ್ರವು ಲಕೋಟೆಯೊಳಗಿರುವಾಗ ಹೆಸರನ್ನು ಓದುವುದು ಹೇಗೆ? ಹೆಸರನ್ನು ಲಕೋಟೆಯ ಹೊರಗೇ ಬರೆಯುವ ಉಪಾಯವು ೨೦೦೩ರಲ್ಲಿ ನಿಯಮವಾಗಿ ಬಂದಿತು.

ಇನ್ನು ಎಷ್ಟು ಸ್ಥಳ ಬೇಕು? ಕನ್ನಡದ ಲೆಕ್ಕವನ್ನೇ ಮಾಡಿ ನೋಡೋಣ. ಯುನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ ೧೨೮ ಸ್ಥಾನಗಳಿವೆ, ಯು.ಟಿ.ಎಫ್.-೮ ಎಂಬ ರೂಢಿಯ ವಿಧಾನದಲ್ಲಿ ಪ್ರತಿ ಚಿಹ್ನೆಗೂ ಮೂರು ಬೈಟುಗಳು ಬೇಕು. 'ನವಲಗುಂದ' ಎಂಬುದರಲ್ಲಿ ಐದು ಅಕ್ಷರಗಳಿದ್ದರೂ ಕೊಂಬು ಮತ್ತು ಸೊನ್ನೆಗಳು ಬೇರೆ ಚಿಹ್ನೆಗಳಾದುದರಿಂದ ಒಟ್ಟು ಏಳು. ಆದುದರಿಂದ ೨೧ ಬೈಟುಗಳು. ಹತ್ತು ಸಾವಿರ ಚಿಹ್ನೆಗಳ ಒಂದು ದೀರ್ಘ ಲೇಖನವು ೩೦ ಕಿಲೋಬೈಟುಗಳಷ್ಟಾಗುತ್ತದೆ. ಮೊಬೈಲಿನಲ್ಲಿ ತೆಗೆದ ಜಮಖಾನೆಯ ಒಂದೇ ಚಿತ್ರವು ನಾಲ್ಕು ಮೆಗಾಬೈಟು ಇರಬಹುದು; ಎಂದರೆ ಅಂಥ ೧೩೦ ಲೇಖನಗಳಿಗೆ ಸಮ! ಇಂಥ ೨೦ ಚಿತ್ರಗಳಿರುವ ಪುಟವು ೮೦ ಮೆಗಾಬೈಟು ತೂಗುತ್ತದೆ. ಸಾವಿರ ಜನ ನೋಡಿದರೆ ೮೦ ಗಿಗಾಬೈಟು ಹೊರಗೆ ಹರಿಯಬೇಕು. ಪ್ರತಿ ಚಿತ್ರವನ್ನೂ ೨೦೦ ಕಿಲೋಬೈಟಿಗೆ ಕುಗ್ಗಿಸಿದರೆ ನಾಲ್ಕೇ ಗಿಗಾಬೈಟು ಸಾಕು. ಹಳ್ಳಿಯ ದುರ್ಬಲ ಸಂಪರ್ಕದಲ್ಲಿ ನೋಡುವವನೂ ಬದುಕಿಕೊಂಡನು. ಸ್ಥಳವನ್ನು ತಿನ್ನುವುದು ಬರಹವಲ್ಲ, ಚಿತ್ರ.

ಯುನಿಕೋಡಿನಲ್ಲಿ ಕನ್ನಡವು ಮೊದಲಿನಿಂದಲೂ, ಎಂದರೆ ೧೯೯೧ರಿಂದಲೂ, ಇದ್ದರೂ ಅದು ಸಾಮಾನ್ಯ ಗಣಕಗಳಲ್ಲಿ ಬಳಕೆಗೆ ಬರಲು ವರ್ಷಗಳೇ ಹಿಡಿದವು. ಯು. ಬಿ. ಪವನಜ ಅವರು ೧೯೯೬ರಲ್ಲಿ 'ವಿಶ್ವಕನ್ನಡ'ವೆಂಬ ಅಂತರ್ಜಾಲ ಪತ್ರಿಕೆಯನ್ನು ಆರಂಭಿಸಿದಾಗ ಇಂದಿನ ಅನುಕೂಲವಾವುದೂ ಇರಲಿಲ್ಲ. ಈಗ ತಾಣದ ಹೆಸರನ್ನೇ ಕನ್ನಡದಲ್ಲಿ ಪಡೆಯಬಹುದು. ಒಳಗೊಳಗೆ ಅದು ರೋಮನ್ ಅಕ್ಷರಗಳ ಒಂದು ಸಂಕೇತಪದವಾಗಿ ಬದಲಾಗುತ್ತದೆ. ಕೆಲವು ಹಳೆಯ ತಂತ್ರಾಂಶಗಳು ಕನ್ನಡದ ಹೆಸರನ್ನು ಒಪ್ಪದಿರುವುದರಿಂದ ರೋಮನ್ ಹೆಸರೊಂದನ್ನೂ ಜೊತೆಗಿಟ್ಟುಕೊಳ್ಳುವುದು ಜಾಣತನ.

ಸಂಸ್ಥೆಯನ್ನು ಆರಿಸುವಾಗ 'ಅಪರಿಮಿತ ಸ್ಥಳ' ಎಂಬ ಜಾಹೀರಾತಿಗೆ ಮರುಳಾಗಬೇಕಿಲ್ಲ. ತಟ್ಟೆಗೆ ಅಳತೆಯುಂಟು, ಅಪರಿಮಿತವಾದ ತಟ್ಟೆಯನ್ನು ಯಾರೂ ಇನ್ನೂ ತಯಾರಿಸಿಲ್ಲ. ಕರಾರಿನ ಸಣ್ಣ ಅಕ್ಷರಗಳಲ್ಲಿ ಕಡತಗಳ ಸಂಖ್ಯೆಗೋ ಸಂಸ್ಕಾರಕದ ಸಮಯಕ್ಕೋ ಮಿತಿಯನ್ನು ಹೇಳಿರುತ್ತಾರೆ. ಮೊದಲ ವರ್ಷದ ಬೆಲೆಗಿಂತ ಎರಡನೆಯ ವರ್ಷದ ಬೆಲೆಯನ್ನು ಕೇಳಿರಿ. ಸರ್ವರು ಎಲ್ಲಿದೆಯೆಂಬುದೂ ಗಮನಾರ್ಹ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಚಲಿಸುತ್ತದೆ. ಸುಮಾರು ೫೦೦ ಕಿಲೋಮೀಟರು ದೂರದ ಮುಂಬಯಿಗೆ ಹೋಗಿಬರಲು ಐದು ಮಿಲಿಸೆಕೆಂಡು. ೧೪,೦೦೦ ಕಿಲೋಮೀಟರು ದೂರದ ಅಮೆರಿಕದ ಪಶ್ಚಿಮ ತೀರಕ್ಕೆ ೧೪೦ ಮಿಲಿಸೆಕೆಂಡು. ತಂತುಗಳು ನೇರವಾಗಿ ಹೋಗದಿರುವುದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಒಂದು ಪುಟಕ್ಕೆ ಹಲವು ಸಲ ಹೋಗಿಬರಬೇಕಾಗುವುದರಿಂದ ಈ ವ್ಯತ್ಯಾಸವು ಕಣ್ಣಿಗೆ ಕಾಣುವಷ್ಟಾಗುತ್ತದೆ.

ಹಣ ಕಟ್ಟಿದ ಮೇಲೆ ಸಂಸ್ಥೆಯು ಬಳಕೆದಾರನ ಹೆಸರನ್ನೂ ಗುಪ್ತಪದವನ್ನೂ ಕೊಡುತ್ತದೆ. ಸಿ-ಪ್ಯಾನೆಲ್ ಮುಂತಾದ ನಿಯಂತ್ರಣ ಫಲಕವನ್ನು ತೆರೆದರೆ 'ಪಬ್ಲಿಕ್ ಎಚ್‌.ಟಿ.ಎಂ.ಎಲ್.' ಎಂಬ ಕಡತಕೋಶವು ಸಾಮಾನ್ಯವಾಗಿ ಇರುತ್ತದೆ. ಇದು ನಿಮ್ಮ ಕೋಣೆಯ ಪಡಸಾಲೆ. ಇಲ್ಲಿಟ್ಟದ್ದು ಬಂದವರಿಗೆಲ್ಲ ಕಾಣುವುದು. ಮೊದಲ ಪುಟಕ್ಕೆ 'ಇಂಡೆಕ್ಸ್' ಎಂದೇ ಹೆಸರಿಡುವುದು ವಾಡಿಕೆ. ಕಡತಗಳನ್ನು ಸಾಗಿಸಲು ಎಫ್.ಟಿ.ಪಿ. ಎಂಬ ವಿಧಾನವಿದೆ. ಇದರ ಮೊದಲ ನಿಯಮಗಳನ್ನು ೧೯೭೧ರ ಏಪ್ರಿಲಿನಲ್ಲಿ ಬರೆದವರು ಕಾನಪುರದ ಐ.ಐ.ಟಿ.ಯಲ್ಲಿ ಕಲಿತು ಅಮೆರಿಕದ ಎಂ.ಐ.ಟಿ.ಗೆ ಹೋಗಿದ್ದ ಅಭಯ ಭೂಷಣರೆಂಬುದು ನಮಗೆ ಅಭಿಮಾನದ ಸಂಗತಿ. ಆದರೆ ಆ ಹಳೆಯ ವಿಧಾನವು ಗುಪ್ತಪದವನ್ನು ಮುಚ್ಚುಮರೆಯಿಲ್ಲದೆ ಕಳುಹುತ್ತದೆ. ಇಂದು ಅದರ ಬದಲು ಎಸ್.ಎಫ್.ಟಿ.ಪಿ.ಯನ್ನು ಬಳಸುವುದೇ ಸರಿ.

ಕಡತಗಳ ಬೀಗದ ವಿಷಯವನ್ನು ವಿದ್ಯಾರ್ಥಿಗಳು ಚೆನ್ನಾಗಿ ತಿಳಿಯಬೇಕು. ಪ್ರತಿ ಕಡತಕ್ಕೂ ಮೂರು ಅಂಕಿಗಳ ಅನುಮತಿಯಿರುತ್ತದೆ: ಮೊದಲನೆಯದು ಒಡೆಯನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದವರೆಲ್ಲರಿಗೆ. ಓದಲು ೪, ಬರೆಯಲು ೨, ನಡೆಸಲು ೧ ಎಂದು ಬೆಲೆ. ಇವನ್ನು ಕೂಡಿದರೆ ಬರುವ ಮೊತ್ತವೇ ಅಂಕಿ. ೬೪೪ ಎಂದರೆ ಒಡೆಯನು ಓದಿ ಬರೆಯಬಲ್ಲನು, ಉಳಿದವರು ಓದಬಲ್ಲರು ಮಾತ್ರ. ಪುಟಗಳಿಗೆ ಇದು ಸಾಕು, ಕಡತಕೋಶಕ್ಕೆ ೭೫೫. ೧, ೨, ೪ ಎಂಬ ಬೆಲೆಗಳನ್ನೇ ಆರಿಸಿದ್ದೇಕೆ? ಇವುಗಳಲ್ಲಿ ಯಾವುವನ್ನು ಕೂಡಿದರೂ ಬೇರೆ ಬೇರೆ ಮೊತ್ತವೇ ಬರುತ್ತದೆ. ಆದುದರಿಂದ ಅಂಕಿಯನ್ನು ಕಂಡೊಡನೆ ಅನುಮತಿಯು ನಿಸ್ಸಂದೇಹವಾಗಿ ತಿಳಿಯುತ್ತದೆ. ತಾಣವು ಕೆಲಸ ಮಾಡದಿದ್ದಾಗ ೭೭೭ ಎಂದು ಬದಲಿಸಿರೆಂದು ಸಲಹೆ ಕೊಡುವವರುಂಟು. ಅದರ ಅರ್ಥ, ಚಾಳಿನಲ್ಲಿರುವ ಯಾರು ಬೇಕಾದರೂ ನಿಮ್ಮ ಕೋಣೆಯ ಗೋಡೆಯ ಮೇಲೆ ಬರೆಯಬಹುದೆಂದು.

ಬ್ರೌಸರಿನಲ್ಲಿ ಸಂಪರ್ಕವು ಸುರಕ್ಷಿತವೆಂದು ತೋರಲು ಒಂದು ಪ್ರಮಾಣಪತ್ರ ಬೇಕು. ೨೦೧೫ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು ಅದನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಅದಕ್ಕೇ ಬೇರೆ ಹಣ ಕೇಳಿದರೆ ಕಾರಣವನ್ನು ವಿಚಾರಿಸಿರಿ.

ಚಾಳೆಂದ ಮೇಲೆ ನೆರೆಹೊರೆಯ ಕಾಟವೂ ಇದ್ದದ್ದೇ. ಪಕ್ಕದ ತಾಣಕ್ಕೆ ಒಮ್ಮೆಲೇ ಜನ ನುಗ್ಗಿದರೆ ನಿಮ್ಮದು ನಿಧಾನವಾಗಬಹುದು. ಒಬ್ಬನು ಕಸದ ಅಂಚೆಯನ್ನು ಕಳುಹಿದರೆ ಸಂಖ್ಯೆ ಒಂದೇ ಆದುದರಿಂದ ನಿಮ್ಮ ಪತ್ರಗಳನ್ನೂ ಕೆಲವರು ತಿರಸ್ಕರಿಸಬಹುದು. ಜಮಖಾನೆಯ ತಾಣವು ಬೆಳೆದು ನಿತ್ಯವೂ ಸಾವಿರಾರು ಬೇಡಿಕೆಗಳನ್ನು ಲೆಕ್ಕವಿಡಬೇಕಾದಾಗ ಬೇರೆ ಮನೆ ಹಿಡಿಯುವ ಮಾತು. ಅಲ್ಲಿಯವರೆಗೆ ಇದು ಸಾಕು.

ಎಲ್ಲಕ್ಕಿಂತ ಮಿಗಿಲಾದ ಪ್ರಶ್ನೆಯೆಂದರೆ, ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದು. ಹೆಸರನ್ನು ಯಾರೂ ಕೊಂಡುಕೊಳ್ಳುವುದಿಲ್ಲ. ವರ್ಷಗಳ ಲೆಕ್ಕದಲ್ಲಿ ನೋಂದಾಯಿಸಿ ನವೀಕರಿಸುತ್ತಾರೆ. ತಾಣವನ್ನು ಕಟ್ಟಿಕೊಟ್ಟ ಪರಿಚಿತನು ಅದನ್ನು ತನ್ನ ಹೆಸರಿನಲ್ಲಿಯೇ ನೋಂದಾಯಿಸಿದ್ದರೆ, ನೇಕಾರ ಹೆಂಗಸರು ಹತ್ತು ವರ್ಷ ದುಡಿದು ಗಳಿಸಿದ ಕೀರ್ತಿಯ ಕೀಲಿಕೈ ಅವನ ಕೈಯಲ್ಲಿರುತ್ತದೆ. ನಾಲ್ವರು ವಿದ್ಯಾರ್ಥಿಗಳೂ ಪದವಿ ಮುಗಿಸಿ ಊರು ಬಿಟ್ಟ ಮೇಲೆ ನವೀಕರಣದ ಎಚ್ಚರಿಕೆಯು ಅವರ ಹಳೆಯ ಅಂಚೆಗೆ ಹೋದರೆ ಓದುವವರಾರು? ಅವಧಿ ಮೀರಿದ ಹೆಸರನ್ನು ಕೆಲವು ಕಾಲದ ನಂತರ ಯಾರು ಬೇಕಾದರೂ ಹಿಡಿಯಬಹುದು. ಆದುದರಿಂದ ನೋಂದಣಿಯು ನೇಕಾರರ ಸಂಘದ ಹೆಸರಿನಲ್ಲಿರಬೇಕು. ಗುಪ್ತಪದವು ಸಂಘದ ದಫ್ತರದಲ್ಲಿರಬೇಕು. ಹೆಸರಿನ ನೋಂದಣಿಯನ್ನೂ ಹೋಸ್ಟಿಂಗನ್ನೂ ಎರಡು ಬೇರೆ ಸಂಸ್ಥೆಗಳಲ್ಲಿಟ್ಟರೆ, ಒಂದರೊಡನೆ ಮನಸ್ತಾಪವಾದರೂ ಇನ್ನೊಂದು ಉಳಿಯುತ್ತದೆ.

ಕಡತಗಳ ನಕಲಿನ ವಿಚಾರವೂ ಹಾಗೆಯೇ. ೧೯೯೪ರಲ್ಲಿ ಆರಂಭವಾಗಿ ಲಕ್ಷಾಂತರ ಜನರಿಗೆ ಉಚಿತವಾಗಿ ಸ್ಥಳ ಕೊಟ್ಟಿದ್ದ ಅಮೆರಿಕದ ಜಿಯೋಸಿಟೀಸ್ ೨೦೦೯ರಲ್ಲಿ ಮುಚ್ಚಿತು. ನಕಲಿಟ್ಟುಕೊಳ್ಳದವರ ಪುಟಗಳಲ್ಲಿ ಬಹಳಷ್ಟು ಅಳಿದುಹೋದವು. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓ.ವಿ.ಎಚ್. ಸಂಸ್ಥೆಯ ದತ್ತಾಂಶ ಕೇಂದ್ರವೊಂದು ಬೆಂಕಿಗೆ ಆಹುತಿಯಾಯಿತು. ಮೂಲವನ್ನೂ ನಕಲನ್ನೂ ಅದೇ ಆವರಣದಲ್ಲಿಟ್ಟಿದ್ದ ಕೆಲವು ಗ್ರಾಹಕರು ಎರಡನ್ನೂ ಕಳೆದುಕೊಂಡರು. ಆದುದರಿಂದ ತಿಂಗಳಿಗೊಮ್ಮೆ ಎಲ್ಲ ಕಡತಗಳನ್ನೂ, ದತ್ತಸಂಚಯವಿದ್ದರೆ ಅದನ್ನೂ, ನಿಯಂತ್ರಣ ಫಲಕದಿಂದ ಇಳಿಸಿಕೊಂಡು ಒಂದು ಪ್ರತಿಯನ್ನು ಕಾಲೇಜಿನಲ್ಲಿಯೂ ಇನ್ನೊಂದನ್ನು ಸಂಘದಲ್ಲಿಯೂ ಇಡಬೇಕು. ವರ್ಷಕ್ಕೊಮ್ಮೆ ಆ ಪ್ರತಿಯನ್ನು ಬೇರೊಂದು ಗಣಕದಲ್ಲಿ ಬಿಚ್ಚಿ, ಪುಟಗಳೂ ಚಿತ್ರಗಳೂ ಮೊದಲಿನಂತೆಯೇ ತೆರೆಯುವುವೋ ಎಂದು ನೋಡಬೇಕು.